ಕಣದಲ್ಲಿ ಮುನ್ನಿ ನಡೆದ ವರ್ಷ

ಈ ಸಲ ಮಳೆಗಾಲದ ಕೊನೆಗೆ ಮೆಟ್ಟಿಲಲ್ಲಿ ಜಾರಿ ಮಂಡಿಯ ನರ ಎಳೆದುಕೊಂಡೆ. ಡಾಕ್ಟರು ಒಂದು ಎಣ್ಣೆ ಬರೆದುಕೊಟ್ಟು, ಸಮತಟ್ಟು ಜಾಗದಲ್ಲಿ ಮಾತ್ರ ನಡೆಯಿರಿ, ದಿನಕ್ಕೆ ಐದು ನಿಮಿಷದಿಂದ ಶುರುಮಾಡಿ ಅಂದರು. ಮನೆಗೆ ಬಂದ ಮೇಲೆ ನನ್ನ ಹೆಂಡತಿ ಬಾಟಲಿಯ ಮುಚ್ಚಳ ತೆಗೆದಳು. ಟರ್ಪೆಂಟೈನು, ಕರ್ಪೂರ ಬೆರೆತ ಘಾಟು ಕೋಣೆ ತುಂಬಿತು.

"ಇನ್ನೂ ಮುಟ್ಟೇ ಇಲ್ಲ ಮಾರಾಯ್ರೆ, ಆಗ್ಲೇ ಮುಖ ಹಿಂಡ್ತೀರಲ್ಲ" ಅಂದಳು.

ನಾನು ಮುಖ ಹಿಂಡಿದ್ದು ನೋವಿಗಲ್ಲ. ಎಂಟು ವರ್ಷದ ಹಿಂದೆ, ಬಾಳೂರಿನ ಮೇಲಿನ ಕಾಫಿ ಎಸ್ಟೇಟಿನಲ್ಲಿ, ಇದೇ ಘಾಟು ಒಂದು ಕುದುರೆಯ ಕಾಲಿನಿಂದ ಬರುತ್ತಿತ್ತು. ಆ ಕುದುರೆಗೂ ಡಾಕ್ಟರು ಹೇಳಿದ್ದು ಇದನ್ನೇ: ಎಣ್ಣೆ, ಸಮತಟ್ಟು ನೆಲ, ಐದು ನಿಮಿಷ. ನನ್ನ ಮಂಡಿ ಎರಡು ತಿಂಗಳಲ್ಲಿ ಸರಿಯಾಯಿತು. ಆ ಕುದುರೆಯ ಕಾಲು ಸರಿಯಾಗಲಿಲ್ಲ, ಸರಿಯಾಗದ ಹಾಗೆ ಮಾಡಿದವನು ನಾನು. ಇದನ್ನು ಇಷ್ಟು ನೇರವಾಗಿ ಬರೆಯುವುದಕ್ಕೆ ಎಂಟು ವರ್ಷ ಬೇಕಾಯಿತು.

ಆಗ ನಾನು ಎಸ್ಟೇಟಿನ ರೈಟರ್. ರೈಟರ್ ಅಂದರೆ ಕತೆ ಕಟ್ಟುವವನಲ್ಲ, ಆಳುಗಳ ಹಾಜರಿ ಹಾಕುವವನು, ಹಣ್ಣು ತೂಗುವವನು, ಧಣಿಗಳು ಇಲ್ಲದಾಗ ಧಣಿಗಳ ಹಾಗೆ ಗಂಟಲು ಸರಿಮಾಡಿಕೊಳ್ಳುವವನು. ನಮ್ಮ ಧಣಿಗಳು ಮಂಗಳೂರಿನಲ್ಲಿದ್ದರು, ಶನಿವಾರ ಬಂದು ಭಾನುವಾರ ಹೋಗುತ್ತಿದ್ದರು. ಉಳಿದ ಐದು ದಿನ ನನ್ನದೇ ದರ್ಬಾರು.

ಎಸ್ಟೇಟಿನ ಮೇಲಿನ ಪ್ಲಾಟಿಗೆ ಹೋಗುವ ಜೀಪಿನ ದಾರಿ ಒಂದು ಮಳೆಗಾಲದಲ್ಲಿ ಹಳ್ಳದ ಹತ್ತಿರ ಕುಸಿದುಹೋಗಿತ್ತು. ಅಲ್ಲಿಂದಾಚೆ ಗೊಬ್ಬರ ಹತ್ತಿಸುವುದಕ್ಕೂ ಹಣ್ಣು ಇಳಿಸುವುದಕ್ಕೂ ಕೊಟ್ಟಿಗೆಹಾರದ ಹಮೀದಣ್ಣ ತಮ್ಮ ಕುದುರೆ ತಂದರು. ಕಂದು ಬಣ್ಣದ ಗಿಡ್ಡ ಹೆಣ್ಣು ಕುದುರೆ, ಹೆಸರು ಮುನ್ನಿ. ಹಮೀದಣ್ಣನವರದು ಅಪ್ಪನ ಕಾಲದಿಂದ ಕುದುರೆ ಸಾಕಿದ ಮನೆ. ಅರವತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ. ಆದರೆ ಕುದುರೆಯ ಕಾಲಿನ ಮೇಲೆ ಕೈಯಿಟ್ಟು ಒಳಗೆ ಎಂತ ಆಗಿದೆ ಅಂತ ಹೇಳಬಲ್ಲವರು. ಸಂಸೆ, ಕಳಸದ ಕಡೆ ಹೋಂಸ್ಟೇಗಳಲ್ಲಿ ಮಕ್ಕಳನ್ನು ಕೂರಿಸುವುದಕ್ಕೆ ಕುದುರೆ ಇಟ್ಟುಕೊಂಡವರು ಜೀಪು ಕಳಿಸಿ ಇವರನ್ನು ಕರೆಸಿಕೊಳ್ಳುತ್ತಿದ್ದರು. ಹೋಗಿ, ಕಾಲು ಮುಟ್ಟಿ, ಟೀ ಕುಡಿದು ಬರುತ್ತಿದ್ದರು.

ಆ ವರ್ಷ ಆಗಸ್ಟಿನಲ್ಲಿ, ಮಳೆ ಸ್ವಲ್ಪ ಹೊಳವು ಕೊಟ್ಟ ನಾಲ್ಕು ದಿನ ಗೊಬ್ಬರ ಹಾಕಿಸುತ್ತಿದ್ದೆವು. ಹಳ್ಳ ದಾಟುವಾಗ ಮುನ್ನಿಯ ಎಡ ಮುಂಗಾಲು ಎರಡು ಕಲ್ಲಿನ ನಡುವೆ ಸಿಕ್ಕಿಕೊಂಡಿತು. ಬೀಳಲಿಲ್ಲ, ಎಳೆದುಕೊಂಡು ಮೇಲೆ ಬಂದಳು. ಮಧ್ಯಾಹ್ನದ ಹೊತ್ತಿಗೆ ಕಾಲಿನ ಹಿಂಬದಿ ಬಾಳೆಕಾಯಿ ಅಂಟಿಸಿದ ಹಾಗೆ ಊದಿಕೊಂಡಿತ್ತು. ಇದರಲ್ಲಿ ನನ್ನ ತಪ್ಪೇನೂ ಇರಲಿಲ್ಲ, ಯಾರ ತಪ್ಪೂ ಇರಲಿಲ್ಲ. ಆದರೆ ಎಸ್ಟೇಟಿನ ಕೆಲಸದಲ್ಲಿ ಆದ ಪೆಟ್ಟು. ಹಮೀದಣ್ಣ ಏನೂ ಕೇಳದೆ ಸುಮ್ಮನೆ ನಿಂತಿದ್ದು ನೋಡಿ ನನಗೇ ಉದಾರತನ ಉಕ್ಕಿ ಬಂತು.

"ಗುಣ ಆಗೋ ತನಕ ಅವಳು ಇಲ್ಲೇ ಇರ್ಲಿ ಹಮೀದಣ್ಣ. ಎಲ್ಲ ನಾನು ನೋಡ್ಕೊಳ್ತೇನೆ" ಅಂದೆ.

ಚಿಕ್ಕಮಗಳೂರಿನಿಂದ ಕುದುರೆ ಬಲ್ಲ ಒಬ್ಬ ಲೇಡಿ ಡಾಕ್ಟರನ್ನು ಕರೆಸಿದೆ. ಅವರು ಯಂತ್ರ ಇಟ್ಟು ನೋಡಿ, ನರ ಒಳಗೆ ಅರ್ಧ ಹರಿದಿದೆ ಅಂದರು. ಎಂಟು ವಾರ ಕೊಟ್ಟಿಗೆ ಬಿಟ್ಟು ಅಲ್ಲಾಡಕೂಡದು. ಬೆಳಿಗ್ಗೆ ಸಂಜೆ ತಣ್ಣೀರು ಬಿಟ್ಟು ಎಣ್ಣೆ ಹಚ್ಚಬೇಕು. ಆಮೇಲೆ ಗಟ್ಟಿಯಾದ ಸಮತಟ್ಟು ನೆಲದ ಮೇಲೆ ಕೈಯಲ್ಲಿ ಹಿಡಿದು ಐದೈದು ನಿಮಿಷ ನಡಿಗೆ, ವಾರ ವಾರ ಹೆಚ್ಚಿಸುತ್ತ ಹೋಗಬೇಕು. ಏರಿಲ್ಲ, ಇಳಿಜಾರಿಲ್ಲ, ಹೊರೆಯಂತೂ ಇಲ್ಲವೇ ಇಲ್ಲ.

"ಸಮತಟ್ಟು ನೆಲ ಅಂದ್ರೆ ಈ ಎಸ್ಟೇಟಿನೊಳಗೆ ಎಲ್ಲಿ ತರೋದು ಮೇಡಂ?" ಅಂತ ಹಮೀದಣ್ಣ ಕೇಳಿದರು. ನಮ್ಮ ಕಡೆ ನಾಲ್ಕು ಹೆಜ್ಜೆ ನೆಟ್ಟಗೆ ಹೋದರೆ ಐದನೆಯದು ಮೇಲಕ್ಕೋ ಕೆಳಕ್ಕೋ ಬೀಳುತ್ತದೆ. ಆಗ ನನ್ನ ಬಾಯಿಂದಲೇ ಬಂತು: "ಕಣ ಉಂಟಲ್ಲ!"

ಕಾಫಿ ಒಣಗಿಸುವ ಕಣ. ಸಿಮೆಂಟು ಹಾಕಿದ, ಎಂಬತ್ತು ಹೆಜ್ಜೆ ಉದ್ದದ ಅಂಗಳ. ಇಡೀ ಎಸ್ಟೇಟಿನಲ್ಲಿ ನೀರು ಚೆಲ್ಲಿದರೆ ಹರಿಯದ ಜಾಗ ಅದೊಂದೇ. ಕೊಯ್ಲು ಶುರುವಾಗುವ ತನಕ ಪಾಚಿ ಕಟ್ಟಿಕೊಂಡು ಖಾಲಿ ಬಿದ್ದಿರುತ್ತದೆ. "ಮುನ್ನಿ ಸರಿಯಾಗೋ ತನಕ ಕಣ ಅವಳದ್ದೇ" ಅಂತ ಡಾಕ್ಟರ ಎದುರೇ ಘೋಷಿಸಿದೆ. ಹಮೀದಣ್ಣ ಎದೆಯ ಮೇಲೆ ಕೈಯಿಟ್ಟುಕೊಂಡರು. ಆ ಗಳಿಗೆಯಲ್ಲಿ ನನ್ನಷ್ಟು ಒಳ್ಳೆಯವನು ಮೂಡಿಗೆರೆ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ ಅನ್ನಿಸಿತ್ತು ನನಗೆ.

ಸೆಪ್ಟೆಂಬರು ಪೂರ್ತಿ ಅವಳನ್ನು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡಿನ ಪಕ್ಕದ ಕೊಟ್ಟಿಗೆಯಲ್ಲೇ ಕಟ್ಟಿದೆವು. ಹಮೀದಣ್ಣ ಆಳುಗಳ ಲೈನ್ ಮನೆಗಳಲ್ಲಿ ಒಂದು ಕೋಣೆ ಹಿಡಿದು ಉಳಿದರು. ಬೆಳಿಗ್ಗೆ ಸಂಜೆ ಪೈಪು ಹಿಡಿದು ಹಳ್ಳದಿಂದ ಬರುವ ತಣ್ಣೀರನ್ನು ಕಾಲಿಗೆ ಬಿಡುವುದು, ಒರೆಸುವುದು, ಎಣ್ಣೆ ಹಚ್ಚಿ ಬಟ್ಟೆ ಸುತ್ತುವುದು. ಒರೆಸಿದ ಮೇಲೆ ಒಮ್ಮೆ, ಬಟ್ಟೆ ಸುತ್ತುವ ಮೊದಲು ಒಮ್ಮೆ ಅಂಗೈಯನ್ನು ನರದ ಮೇಲೆ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಬಲಗಾಲಿನ ಮೇಲೂ ಇಟ್ಟು ಹೋಲಿಸುತ್ತಿದ್ದರು. ರಕ್ತ ಹೀರುವ ಉಂಬಳಗಳು ಅವರ ಕಾಲಿಗೂ ಮುನ್ನಿಯ ಕಾಲಿಗೂ ಭೇದವಿಲ್ಲದೆ ಹತ್ತುತ್ತಿದ್ದವು. ಅವರು ಮೊದಲು ಅವಳದ್ದನ್ನು ಕಿತ್ತು ಆಮೇಲೆ ತಮ್ಮದನ್ನು ಕೀಳುತ್ತಿದ್ದರು.

ಅಕ್ಟೋಬರಿನಲ್ಲಿ ನಡಿಗೆ ಶುರುವಾಗುವ ಮೊದಲು ನಾನು ನಾಲ್ಕು ಹೆಣ್ಣಾಳುಗಳನ್ನು ಹಾಕಿ ಕಣದ ಪಾಚಿ ಉಜ್ಜಿಸಿದೆ. "ಕಾಫಿಗೂ ಇಷ್ಟು ಉಜ್ಜಿಸಿರ್ಲಿಲ್ಲ ರೈಟ್ರು, ಮದುವೆ ಎಂತಾದ್ರೂ ಉಂಟಾ?" ಅಂತ ಅವರು ನಗಾಡಿದರು. ಮೊದಲ ದಿನ ಐದು ನಿಮಿಷ. ಹಮೀದಣ್ಣ ಹಗ್ಗ ಹಿಡಿದು ಮುಂದೆ, ಮುನ್ನಿ ಹಿಂದೆ, ನಾನು ಕಣದ ಕಟ್ಟೆಯ ಮೇಲೆ ಗಡಿಯಾರ ನೋಡುತ್ತ. ಗೊರಸಿನ ಶಬ್ದ ಸಿಮೆಂಟಿನ ಮೇಲೆ ಎಷ್ಟು ಚೆನ್ನಾಗಿ ಕೇಳಿಸುತ್ತಿತ್ತು! ಒಂದು ಕಾಲಿನ ಶಬ್ದ ಮಾತ್ರ ಸ್ವಲ್ಪ ಮೆತ್ತಗೆ.

"ಕಾಲು ನೋಡ್ಬೇಡಿ ರೈಟ್ರೇ, ತಲೆ ನೋಡಿ" ಅಂದರು ಹಮೀದಣ್ಣ. "ನೋವಿನ ಕಾಲು ನೆಲಕ್ಕೆ ತಾಗುವಾಗ ತಲೆ ಮೇಲೆ ಎತ್ತುತ್ತಾಳೆ. ಕಾಲು ಮೋಸ ಮಾಡ್ಬೋದು, ತಲೆ ಮಾಡೋದಿಲ್ಲ."

ಅಲ್ಲಿಂದ ನಾನು ತಲೆಯನ್ನೇ ನೋಡಿದೆ. ಎರಡನೆಯ ವಾರ ಹತ್ತು ನಿಮಿಷ, ಮೂರನೆಯ ವಾರ ಹದಿನೈದು. ತಿರುವಿನಲ್ಲಿ ಅವರು ಅವಳನ್ನು ಗಕ್ಕನೆ ತಿರುಗಿಸುತ್ತಿರಲಿಲ್ಲ, ಮದುವೆ ದಿಬ್ಬಣದ ಬಸ್ಸು ತಿರುಗಿಸುವ ಡ್ರೈವರಿನ ಹಾಗೆ ದೊಡ್ಡ ಸುತ್ತು ಹಾಕಿಸುತ್ತಿದ್ದರು. ನವೆಂಬರಿನ ಹೊತ್ತಿಗೆ ತಲೆ ಅಲ್ಲಾಡುವುದು ನಿಂತಿತು. ಕೆಲಸದವರೆಲ್ಲ ಹಾಜರಿಗೆ ಬಂದಾಗ ಒಂದು ಗಳಿಗೆ ಕಟ್ಟೆ ಮೇಲೆ ನಿಂತು ಮುನ್ನಿಯ ನಡಿಗೆ ನೋಡಿ ಹೋಗುವುದು ರೂಢಿಯಾಯಿತು. ನನ್ನ ನೌಕರಿಯ ಇಪ್ಪತ್ತು ವರ್ಷಗಳಲ್ಲಿ ಅಷ್ಟು ಸುಖವಾದ ಬೆಳಿಗ್ಗೆಗಳು ಬೇರೆ ಇರಲಿಲ್ಲ. ಅದನ್ನೂ ಹೇಳಬೇಕು.

ಡಾಕ್ಟರು ಪ್ರತಿ ಸಲ ಅಷ್ಟು ದೂರ ಬರುವುದು ಸಾಧ್ಯವಿರಲಿಲ್ಲ. ನಾನು ಮೊಬೈಲಿನಲ್ಲಿ ನಡಿಗೆಯ ವಿಡಿಯೋ ತೆಗೆದು ಕಳಿಸುತ್ತಿದ್ದೆ, ಅವರು ಉತ್ತರವನ್ನು ವಾಯ್ಸ್ ಮೆಸೇಜಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಎಸ್ಟೇಟಿನಲ್ಲಿ ನೆಟ್‌ವರ್ಕು ಸಿಗುತ್ತಿದ್ದುದು ಬಂಗಲೆಯ ಹಿಂದಿನ ನೀರಿನ ಟ್ಯಾಂಕಿನ ಹತ್ತಿರ ಮಾತ್ರ. ಹಮೀದಣ್ಣನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಹಾಗಾಗಿ ನಾನು ಟ್ಯಾಂಕಿನ ಹತ್ತಿರ ಹೋಗಿ ಕೇಳಿಕೊಂಡು ಬಂದು, ಡಾಕ್ಟರು ಹೀಗಂದರು ಅಂತ ಅವರಿಗೆ ಹೇಳುವುದು. ಡಾಕ್ಟರ ಬಾಯಿಗೂ ಹಮೀದಣ್ಣನ ಕಿವಿಗೂ ನಡುವೆ ನಾನೊಬ್ಬನೇ ಇದ್ದೆ.

ಆ ವರ್ಷ ಹಣ್ಣು ಬೇಗ ಬಂತು. ನವೆಂಬರಿನ ಮೂರನೆಯ ವಾರಕ್ಕೆ ಅರೇಬಿಕಾ ಕೆಂಪಾಗಿ ನಿಂತಿತು. ಮೊದಲ ಕೊಯ್ಲಿನ ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಬಿಡಿಸಿ ತೊಳೆದ ಬೀಜ, ಕಣದ ಅರ್ಧಕ್ಕೆ ಹರಡಿದೆವು. ಉಳಿದರ್ಧದಲ್ಲಿ ಮುನ್ನಿ ನಡೆಯುತ್ತಿದ್ದಳು. ನಡುವೆ ಒಂದು ಟಾರ್ಪಾಲಿನ ಅಡ್ಡ ಗೋಡೆ. ಶನಿವಾರ ಧಣಿಗಳು ಬಂದವರು ಜೀಪಿನಿಂದ ಇಳಿಯುವುದಕ್ಕೂ ಮುನ್ನಿ ಲದ್ದಿ ಹಾಕುವುದಕ್ಕೂ ಸರಿಹೋಯಿತು.

ಧಣಿಗಳು ಸಿಟ್ಟು ಮಾಡುವವರಲ್ಲ. ಒಂದು ಹಿಡಿ ಪಾರ್ಚ್‌ಮೆಂಟ್ ಎತ್ತಿ ಮೂಸಿ ನೋಡಿದರು. "ಕಾಫಿ ವಾಸನೆ ಎಳ್ಕೊಳ್ತದೆ ಅಂತ ನಿಮಗೆ ನಾನು ಹೇಳ್ಬೇಕಾ? ಸೋಮವಾರದಿಂದ ಇಡೀ ಕಣ ಬೇಕು. ಕುದುರೆಗೆ ಬೇರೆ ಎಂತಾದ್ರೂ ವ್ಯವಸ್ಥೆ ಮಾಡಿ, ಪಾಪ" ಅಂದರು. ನ್ಯಾಯವಾದ ಮಾತೇ. ಅವರ ಮೇಲೆ ಹೊರಿಸಿ ಕೈತೊಳೆದುಕೊಳ್ಳೋಣ ಅಂದರೂ ಅದಕ್ಕೆ ಅವಕಾಶವಿಲ್ಲ.

ನಾನು ಮಾಡಬೇಕಿದ್ದುದು ಇಷ್ಟೇ. ಹಮೀದಣ್ಣನ ಹತ್ತಿರ ಹೋಗಿ, ಕಣ ಬೇಕಾಗಿದೆ, ಮಾತು ಕೊಟ್ಟಿದ್ದೆ, ಉಳಿಸಿಕೊಳ್ಳುವುದಕ್ಕೆ ಆಗುತ್ತಿಲ್ಲ ಅನ್ನುವುದು. ಅದು ನನ್ನ ಬಾಯಿಂದ ಹೊರಡಲಿಲ್ಲ. ನಮ್ಮ ಕಡೆಯವರ ದಾಕ್ಷಿಣ್ಯ ಅಂತ ಹೊರಗಿನವರು ಬಹಳ ಹೊಗಳುತ್ತಾರೆ. ಮುಖ ನೋಡಿ ಇಲ್ಲ ಅನ್ನಲಾರೆವು ನಾವು. ಊಟ ಬೇಡದಿದ್ದರೂ ಕೂರುತ್ತೇವೆ, ಕೊಡಲಾಗದಿದ್ದರೂ ಹೂಂ ಅನ್ನುತ್ತೇವೆ, ಆಮೇಲೆ ಇಲ್ಲ ಅನ್ನುವ ಕೆಲಸಕ್ಕೆ ಒಂದು ಸುಳ್ಳನ್ನು ಕಳಿಸುತ್ತೇವೆ. ಭಾನುವಾರ ಇಡೀ ನಾನು ಹಮೀದಣ್ಣನ ಕಣ್ಣು ತಪ್ಪಿಸಿ ಓಡಾಡಿದೆ.

ಸೋಮವಾರ ಬೆಳಿಗ್ಗೆ ಟ್ಯಾಂಕಿನ ಹತ್ತಿರ ಹೋದಾಗ ಡಾಕ್ಟರ ಮಾತು ಬಂದು ಕೂತಿತ್ತು. ಹಿಂದಿನ ವಾರ ಮುನ್ನಿಯನ್ನು ಕಣದ ಉದ್ದಕ್ಕೆ ಮೊದಲ ಸಲ ಸಣ್ಣಗೆ ಓಡಿಸಿದ ವಿಡಿಯೋ ಕಳಿಸಿದ್ದೆ. "ತುಂಬಾ ಚೆನ್ನಾಗಿದೆ, ಓಟದಲ್ಲಿ ಕುಂಟು ಕಾಣ್ತಿಲ್ಲ" ಅಂತ ಶುರುಮಾಡಿದ್ದರು. "ಆದ್ರೆ ಮೋಸ ಹೋಗ್ಬೇಡಿ. ಹೊರಗೆ ಚೆನ್ನಾಗಿ ಕಂಡ್ರೂ ನರ ಒಳಗೆ ಇನ್ನೂ ಎಳಸು. ಸಂಕ್ರಾಂತಿ ಕಳೆಯೋ ತನಕ ಹೊರೆ ಬೇಡವೇ ಬೇಡ. ದಿನಾ ಮುಟ್ಟಿ ನೋಡಿ, ಬಿಸಿ ಕಂಡ್ರೆ ನಡಿಗೇನೂ ನಿಲ್ಸಿ."

ಎರಡು ಸಲ ಕೇಳಿದೆ. ಇಳಿದು ಬರುವಾಗ ಅದರ ಮೊದಲ ಭಾಗ ಮಾತ್ರ ನನ್ನ ಜೊತೆ ಬಂತು.

ಹಮೀದಣ್ಣ ಕೊಟ್ಟಿಗೆಯಲ್ಲಿ ಬಟ್ಟೆ ಬಿಚ್ಚುತ್ತಿದ್ದರು. "ಡಾಕ್ಟ್ರು ತುಂಬಾ ಚೆನ್ನಾಗಿದೆ ಅಂದ್ರು. ನಿಧಾನಕ್ಕೆ ಕೆಲಸಕ್ಕೆ ಹಾಕ್ಬೋದಂತೆ" ಅಂದೆ.

ಅವರು ತಲೆ ಎತ್ತಿದರು. "ಹೌದಾ? ಇಷ್ಟು ಬೇಗವಾ?" ಆಮೇಲೆ ಕೈಯನ್ನು ಮತ್ತೆ ಕಾಲಿನ ಮೇಲಿಟ್ಟರು. "ಇವತ್ತು ನಂಗೆ ಒಂಚೂರು ಬಿಸಿ ಅನ್ನಿಸ್ತು ರೈಟ್ರೇ."

"ಕೊಟ್ಟಿಗೆಗೆ ಬಿಸಿಲು ಬಿದ್ದಿತ್ತಲ್ಲ, ಅದಕ್ಕಿರ್ಬೇಕು."

"ಇರ್ಬೋದು." ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ. "ಡಾಕ್ಟ್ರು ಓದಿದವರು. ಅವರು ಹೇಳಿದ್ಮೇಲೆ ನಂದೆಂತ" ಅಂದರು.

ಸೋಮವಾರವೇ ಕಣದ ತುಂಬ ಪಾರ್ಚ್‌ಮೆಂಟ್ ಹರಡಿದೆವು. ಮಂಗಳವಾರದಿಂದ ಮುನ್ನಿ ಮೇಲಿನ ಪ್ಲಾಟಿಗೆ ಹತ್ತಿದಳು. ಹಮೀದಣ್ಣ ಪೂರ್ತಿ ಮೂಟೆ ಹೊರಿಸಲಿಲ್ಲ, ಅರ್ಧರ್ಧ ತುಂಬಿಸಿದ ಎರಡು ಚೀಲ. ಇಳಿಯುವಾಗ ದಾರಿಯುದ್ದಕ್ಕೂ ಅವಳ ಎಡ ಭುಜಕ್ಕೆ ತಮ್ಮ ಭುಜ ಒತ್ತಿಕೊಂಡೇ ಇಳಿಯುತ್ತಿದ್ದರು. ಮೊದಲ ದಿನ ಸರಾಗ. ಎರಡನೆಯ ದಿನವೂ ಸರಾಗ. ಮೂರನೆಯ ದಿನಕ್ಕೆ ನಾನು ನನ್ನ ಸುಳ್ಳನ್ನು ನಂಬತೊಡಗಿದೆ. ಡಾಕ್ಟರುಗಳು ಯಾವಾಗಲೂ ಒಂದು ತಿಂಗಳು ಹೆಚ್ಚೇ ಹೇಳುತ್ತಾರೆ ಅಂತ ಹೆಂಡತಿಯ ಹತ್ತಿರ ದೊಡ್ಡದಾಗಿ ಮಾತಾಡಿದ್ದೂ ನೆನಪಿದೆ.

ಐದನೆಯ ದಿನ, ಶನಿವಾರ, ಹನ್ನೊಂದು ಗಂಟೆಯ ಹೊತ್ತಿಗೆ ಮೇಲಿನ ದಾರಿಯಿಂದ ಕೂಗು ಕೇಳಿತು. ಓಡಿ ಹೋದೆ. ಹಳ್ಳಕ್ಕೆ ಇನ್ನೂ ಇಳಿಜಾರು ಬಾಕಿ ಇರುವಲ್ಲಿ ಮುನ್ನಿ ನಿಂತುಬಿಟ್ಟಿದ್ದಳು. ಎಡಗಾಲಿನ ತುದಿಯನ್ನು ನೆಲಕ್ಕೆ ತಾಗಿಸಿಯೂ ತಾಗಿಸದ ಹಾಗೆ ಹಿಡಿದಿದ್ದಳು. ಮೈಯೆಲ್ಲ ಬೆವರು, ಮೂಗಿನ ಹೊಳ್ಳೆ ಅರಳಿತ್ತು. ಕಲ್ಲಿಲ್ಲ, ಗುಂಡಿಯಿಲ್ಲ, ಜಾರಿಲ್ಲ. ನಡೆಯುತ್ತಿದ್ದವಳು ಸುಮ್ಮನೆ ನಿಂತಳಂತೆ. ಕಾಲಿನ ಹಿಂಬದಿ ನಾನು ನೋಡುತ್ತಿದ್ದ ಹಾಗೆಯೇ ಬಿಲ್ಲಿನಂತೆ ಉಬ್ಬುತ್ತಿತ್ತು.

ಹಮೀದಣ್ಣ ಆಗಲೇ ಚೀಲಗಳನ್ನು ಇಳಿಸಿ ದಾರಿಯ ಪಕ್ಕ ಇಟ್ಟಿದ್ದರು. ಮಂಡಿಯೂರಿ ಕೂತು ಎರಡೂ ಕೈಯಲ್ಲಿ ಆ ಕಾಲನ್ನು ಹಿಡಿದುಕೊಂಡಿದ್ದರು. ನನ್ನನ್ನು ನೋಡಿ ಅವರು ಹೇಳಿದ ಮಾತು ಇದು:

"ತಪ್ಪು ನಂದು ರೈಟ್ರೇ. ಅವತ್ತಿಂದ ಕೈಗೆ ಎಂತದೋ ಅನ್ನಿಸ್ತಾನೇ ಇತ್ತು. ನನ್ನ ಕೈ ಸರಿ ಇಲ್ಲ ಅಂದ್ಕೊಂಡೆ."

ಆಗ ಹೇಳಬಹುದಿತ್ತು. ಅಲ್ಲಿ ನಾವಿಬ್ಬರೇ ಇದ್ದೆವು. ನಾನು, "ಇಲ್ಲ ಬಿಡಿ ಹಮೀದಣ್ಣ, ಯಾರ ತಪ್ಪೂ ಅಲ್ಲ" ಅಂದೆ. ಸಮಾಧಾನ ಹೇಳುವವನ ದನಿಯಲ್ಲಿ ಅಂದೆ. ಆ ದನಿ ನೆನಪಾದರೆ ಈಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಮಧ್ಯಾಹ್ನ ಟ್ಯಾಂಕಿನ ಹತ್ತಿರ ನಿಂತು ಡಾಕ್ಟರಿಗೆ ಫೋನು ಮಾಡಿದೆ. "ಹೊರೆ ಹೊರಿಸೋಕೆ ಯಾರು ಹೇಳಿದ್ದು?" ಅಂತ ಅವರು ಕೇಳಿದರು. ದನಿಯಲ್ಲಿ ಸಿಟ್ಟಿಗಿಂತ ದುಃಖ ಇತ್ತು. ನಾನು, "ಅವರೇ ಸ್ವಲ್ಪ ಅವಸರ ಮಾಡಿದ್ರು ಮೇಡಂ" ಅಂದುಬಿಟ್ಟೆ. ಮೊದಲ ಸುಳ್ಳಿಗೆ ದಾಕ್ಷಿಣ್ಯದ ನೆಪವಾದರೂ ಇದೆ. ಇದಕ್ಕೆ ಯಾವ ನೆಪವೂ ಇಲ್ಲ, ಶುದ್ಧ ಹೇಡಿತನ. ಡಾಕ್ಟರು ಮರುದಿನ ಬಂದರು. ಹಮೀದಣ್ಣನಿಗೆ ಒಂದು ಮಾತೂ ಆಡದೆ ಕಾಲು ನೋಡಿದರು. ಡಾಕ್ಟರು ಯಾಕೆ ಮಾತಾಡುತ್ತಿಲ್ಲ ಅನ್ನುವುದಕ್ಕೆ ಹಮೀದಣ್ಣ ತಮ್ಮದೇ ಅರ್ಥ ಮಾಡಿಕೊಂಡಿರಬೇಕು, ತಲೆ ತಗ್ಗಿಸಿ ನಿಂತಿದ್ದರು. ಇನ್ನು ಇವಳು ಹುಲ್ಲು ಮೇಯುವಷ್ಟು ನಡೆದರೆ ಅದೇ ಹೆಚ್ಚು ಅಂತ ಡಾಕ್ಟರು ನನ್ನ ಕಡೆ ತಿರುಗಿ ಹೇಳಿದರು.

ಕ್ರಿಸ್‌ಮಸ್ಸಿನ ಹಿಂದಿನ ವಾರ ಒಂದು ಪಿಕಪ್ಪಿನಲ್ಲಿ ಹುಲ್ಲು ಹಾಸಿ ಮುನ್ನಿಯನ್ನು ಕೊಟ್ಟಿಗೆಹಾರಕ್ಕೆ ಕಳಿಸಿದೆವು. ಹತ್ತಿಸುವುದಕ್ಕೆ ಆರು ಜನ ಬೇಕಾಯಿತು. ಹಮೀದಣ್ಣ ಹಿಂದೆ ಅವಳ ಜೊತೆಗೇ ನಿಂತು, ಎಲ್ಲರಿಗೂ ಕೈಮುಗಿದು, ನನಗೆ ಮಾತ್ರ ಎರಡು ಸಲ ಕೈಮುಗಿದು ಹೋದರು. ಆ ಸಲದ ಪಾರ್ಚ್‌ಮೆಂಟ್ ಬಹಳ ಸ್ವಚ್ಛ ಬಂದಿದೆ ಅಂತ ಧಣಿಗಳು ನನ್ನ ಬೆನ್ನು ತಟ್ಟಿದರು.

ಎರಡು ವರ್ಷದ ಮೇಲೆ ನಾನು ಆ ಕೆಲಸ ಬಿಟ್ಟು ಚಿಕ್ಕಮಗಳೂರಿಗೆ ಬಂದೆ. ಮುನ್ನಿ ಅದರ ಮರುವರ್ಷ ಸತ್ತಳು ಅಂತ ಯಾರೋ ಹೇಳಿದರು. ಚಾರ್ಮಾಡಿ ದಾರಿಯಲ್ಲಿ ಎಷ್ಟು ಸಲ ಹೋಗಿದ್ದೇನೋ, ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಒಂದು ಸಲವೂ ಇಳಿದಿರಲಿಲ್ಲ. ಈ ಸಲ ಎರಡು ತಿಂಗಳು ದಿನಾ ಆ ಎಣ್ಣೆಯ ಘಾಟು ಕುಡಿದ ಮೇಲೆ ಇರಲಾಗಲಿಲ್ಲ. ಮಂಡಿ ಸರಿಯಾದ ವಾರವೇ ಹೋದೆ.

ಹಮೀದಣ್ಣ ಅಳಿಯನ ಗ್ಯಾರೇಜಿನ ಹಿಂದಿನ ಮನೆಯಲ್ಲಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಅರೆ, ರೈಟ್ರು!" ಅಂತ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಅವರ ಹೆಂಡತಿ ಟೀ ತಂದರು. ಕುದುರೆ ಮತ್ತೆ ಸಾಕಲಿಲ್ಲವೇ ಅಂತ ಕೇಳಿದ್ದಕ್ಕೆ ಆಕೆಯೇ ಹೇಳಿದರು: "ಎಲ್ಲಿಂದ ಸಾರ್. ಮುನ್ನಿ ಆದ್ಮೇಲೆ ಒಂದು ಕುದುರೇನೂ ಮುಟ್ಟಿಲ್ಲ ಇವರು. ಸಂಸೆಯವರು ಹೋದ ತಿಂಗಳೂ ಜೀಪು ಕಳ್ಸಿದ್ರು, ವಾಪಸ್ ಕಳಿಸಿದ್ರು. ನನ್ನ ಕೈಯಲ್ಲಿ ಇನ್ನು ಎಂತದೂ ಗೊತ್ತಾಗೋದಿಲ್ಲ ಅಂತಾರೆ."

ಆಕೆ ಒಳಗೆ ಹೋದ ಮೇಲೆ ನಾನು ಹಮೀದಣ್ಣನಿಗೆ ಹೇಳಿದೆ. ಟ್ಯಾಂಕಿನ ಹತ್ತಿರ ಕೇಳಿದ್ದು, ಅರ್ಧ ಮಾತ್ರ ಹೇಳಿದ್ದು, ಡಾಕ್ಟರಿಗೆ ಇವರ ಹೆಸರು ಹೇಳಿದ್ದು, ಎಲ್ಲ. ಹೇಳುವಾಗ ಅಳು ಬಂತು. ಅದೂ ಒಂದು ರೀತಿಯಲ್ಲಿ ಸ್ವಾರ್ಥದ ಅಳು ಅನ್ನಿಸಿ ನುಂಗಿಕೊಂಡೆ. ಗ್ಯಾರೇಜಿನಲ್ಲಿ ಯಾರೋ ಟೈರಿನ ನಟ್ಟು ಬಿಚ್ಚುತ್ತಿದ್ದರು. ಆ ಶಬ್ದ ನಿಂತ ಮೇಲೆ ಹಮೀದಣ್ಣ ಕೇಳಿದ್ದು ನಾನು ಎಣಿಸಿರದ ಪ್ರಶ್ನೆ.

"ಕಣ ಬೇಕಿತ್ತಾ ನಿಮಗೆ?"

"ಹೂಂ."

"ಕಣ ಬೇಕು ಅಂತ ಹೇಳೋದಲ್ವಾ ಮಾರಾಯ್ರೆ? ಬಾಳೂರಿನಿಂದ ಈಚೆ ಟಾರು ರೋಡು ಎಷ್ಟು ದೂರ ನೆಟ್ಟಗೆ ಉಂಟು. ಬೆಳಿಗ್ಗೆ ಮೊದಲ ಬಸ್ಸು ಬರೋದ್ರೊಳಗೆ ಅಲ್ಲಿ ನಡೆಸ್ತಿದ್ದೆ."

ಆ ರಸ್ತೆಯಲ್ಲಿ ನಾನು ಇಪ್ಪತ್ತು ವರ್ಷ ದಿನಾ ಓಡಾಡಿದ್ದೆ. ನನಗೆ ಹೊಳೆದಿರಲಿಲ್ಲ. ಕೇಳಿದ್ದರೆ ಒಂದು ನಿಮಿಷದಲ್ಲಿ ಅವರಿಗೆ ಹೊಳೆಯುತ್ತಿತ್ತು.

ಹಮೀದಣ್ಣ ತಮ್ಮ ಅಂಗೈ ತಿರುಗಿಸಿ ನೋಡಿಕೊಂಡರು. ಆಮೇಲೆ, ನನಗಲ್ಲ, ತಮ್ಮಷ್ಟಕ್ಕೆ, "ಹಾಗಾದ್ರೆ ಅವತ್ತು ಬಿಸಿ ಇತ್ತು" ಅಂದರು. ಇನ್ನೊಂದು ಸಲ ಅದನ್ನೇ ಅಂದರು. ಕ್ಷಮಿಸಿದೆ ಅನ್ನಲಿಲ್ಲ, ಬೈಯಲೂ ಇಲ್ಲ. ಎದ್ದು ನಿಂತು ನನ್ನ ಟೀ ಲೋಟ ಕೈಗೆ ತೆಗೆದುಕೊಂಡರು.

"ನಿಮ್ಮ ಬಸ್ಸಿಗೆ ಹೊತ್ತಾಯ್ತು ರೈಟ್ರೇ" ಅಂದರು.

ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು, ಅದು ಇಬ್ಬರಿಗೂ ಗೊತ್ತಿತ್ತು. ನಾನು ಹೂಂ ಅಂದು ಎದ್ದು ಬಂದೆ.